ಕತ್ತರಿ ಗುರುತು ಬಿದ್ದ ಏಳು ಸಾಲುಗಳು

ನಾನು ನಿವೃತ್ತಳಾದೆ ಎಂದರೆ ಮನೆಯಲ್ಲಿ ಮೊದಲು ನಗುವವರು ಅಪ್ಪ. ಅವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಕೊರಳಿಗೆ ಹಾರ ಹಾಕಿಸಿಕೊಂಡು ನಾಗಪುರದ ಪ್ರತಾಪ ನಗರದ ಮನೆಗೆ ಬಂದವರು.

"ಹಾರ ಇಲ್ಲ, ಪೆನ್ಶನ್ ಇಲ್ಲ, ವಯಸ್ಸು ಮೂವತ್ಮೂರು. ಇದಕ್ಕ ನಿವೃತ್ತಿ ಅನ್ನಂಗಿಲ್ಲ ವಿದ್ಯಾ, ಕೆಲಸ ಬಿಟ್ಟೆ ಅಂತಾರ," ಎನ್ನುತ್ತಾರೆ.

ಒಂಬತ್ತು ವರ್ಷ ನಾನು ಕಾರಿನ ಷೋರೂಮಿನಲ್ಲಿ ಮಾರಾಟದ ಕೆಲಸ ಮಾಡಿದೆ. ಷೋರೂಮ್ ಮುಚ್ಚಿತು. ಬೇರೆ ಕಡೆ ಕರೆದರು, ಹೋಗಲಿಲ್ಲ. ಈಗ ಜೂನಿಯರ್ ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ. ಇನ್ನು ಮುಂದೆ ಯಾರಿಗೂ ಕಾರು ಮಾರುವುದಿಲ್ಲವಾದ್ದರಿಂದ ಅದನ್ನು ನಿವೃತ್ತಿ ಎಂದೇ ಕರೆಯುತ್ತೇನೆ. ಹುಬ್ಬಳ್ಳಿಯಲ್ಲಿರುವ ಚಿಕ್ಕಪ್ಪನ ಮಗಳು ಅಶ್ವಿನಿ ಹೋದ ತಿಂಗಳು ಇಂಥದೇ ಕೆಲಸಕ್ಕೆ ಸೇರಿದಳು. "ಅಕ್ಕಾ, ಟ್ರೇನಿಂಗ್‌ನ್ಯಾಗ ಹೇಳಲಾರದ್ದು ಏನರೆ ಇದ್ರ ಬರದು ಕಳಸು," ಎಂದು ಕೇಳಿದ್ದಾಳೆ. ಅವಳಿಗಾಗಿ, ಅವಳಂಥ ಇತರರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದಿನಚರಿ ಇಡುವುದು ನನಗೆ ಶಾಲೆಯಿಂದ ಅಂಟಿದ ಚಟ. ಒಂಬತ್ತು ವರ್ಷದ ಒಂಬತ್ತು ಪುಸ್ತಕಗಳು ನನ್ನ ಬಳಿ ಇವೆ. ಯಾವ ದಿನ ಯಾರು ಬಂದರು, ಎಷ್ಟು ಸಲ ಬಂದರು, ಏನು ಕೇಳಿದರು, ಏನು ಬಿಟ್ಟರು ಎಲ್ಲ ಬರೆದಿಟ್ಟಿದ್ದೇನೆ. ಅವುಗಳ ಪ್ರಕಾರ ನಾನು ಬುಕ್ ಮಾಡಿಸಿದ ಹಾಟ್ ಹ್ಯಾಚ್‌ಬ್ಯಾಕ್ ಕಾರುಗಳು ಇಪ್ಪತ್ಮೂರೇ. ನೋಡಲು ಮನೆಮಂದಿ ತರಕಾರಿಗೆ ಒಯ್ಯುವ ಸಣ್ಣ ಕಾರು, ಹೊಟ್ಟೆಯೊಳಗೆ ಮಾತ್ರ ದೊಡ್ಡ ಎಂಜಿನ್. ಅದೇ ಹಾಟ್ ಹ್ಯಾಚ್‌ಬ್ಯಾಕ್. ಉಳಿದ ನೂರಾರು ಕಾರುಗಳು ನನ್ನ ಪುಸ್ತಕಗಳಲ್ಲಿ ಎಷ್ಟು ಪುಟ ತಿಂದವೋ ಈ ಇಪ್ಪತ್ಮೂರೂ ಸುಮಾರು ಅಷ್ಟೇ ತಿಂದಿವೆ. ಕಾರಣ, ಅದರ ಐಚ್ಛಿಕ ಸಲಕರಣೆಗಳ ಪಟ್ಟಿ. ಸಾಧಾರಣ ಕಾರನ್ನು ಗೋದಾಮಿನಿಂದ ತಂದು ಕೊಡುತ್ತಿದ್ದೆವು. ಇದನ್ನು ಮಾತ್ರ ಗಿರಾಕಿ ಹೇಳಿದ ಹಾಗೆ ಕಾರ್ಖಾನೆಯಲ್ಲೇ ಕಟ್ಟಿಸಬೇಕಿತ್ತು. ಪಟ್ಟಿಯಲ್ಲಿ ಹತ್ತೊಂಬತ್ತು ಸಾಲುಗಳು, ಪ್ರತಿ ಸಾಲಿಗೂ ಬೇರೆ ಬೆಲೆ. ಜಾಹೀರಾತಿನಲ್ಲಿ ಕಾಣುವ ಬೆಲೆಗೆ ಸಿಗುವುದು ಬಿಳಿ ಬಣ್ಣದ ಬರೀ ಕಾರು. ಜಾಹೀರಾತಿನಲ್ಲಿ ಕಾಣುವ ಕಾರು ಮಾತ್ರ ಆ ಬೆಲೆಗೆ ಸಿಗುತ್ತಿರಲಿಲ್ಲ.

ನಮ್ಮ ಮ್ಯಾನೇಜರ್ ಪಾಠಕ್ ಸಾಹೇಬರು ಮೊದಲ ವಾರವೇ ನನಗೆ ಒಂದು ವಿದ್ಯೆ ಕಲಿಸಿದರು. ಯಾವ ಸಲಕರಣೆಯ ಬೆಲೆಯನ್ನೂ ರೂಪಾಯಿಯಲ್ಲಿ ಹೇಳಬಾರದು, ಸಾಲದ ಕಂತನ್ನು ದಿನಕ್ಕೆ ಒಡೆದು ಚಹಾದ ಲೆಕ್ಕದಲ್ಲಿ ಹೇಳಬೇಕು. ತೆರೆಯುವ ಗಾಜಿನ ಚಾವಣಿಗೆ ದಿನಕ್ಕೆ ಎರಡು ಕಪ್ ಚಹಾ. ಒಳಗಿನ ಬಣ್ಣದ ದೀಪಗಳಿಗೆ ಒಂದು ಕಪ್. ಗಿರಾಕಿಗೆ ಹಗುರೆನಿಸುತ್ತದೆ ಎಂಬುದು ಅವರ ನಂಬಿಕೆ. ನಾನು ನಾಲ್ಕು ತಿಂಗಳು ನಿಷ್ಠೆಯಿಂದ ಹಾಗೆಯೇ ಹೇಳಿದೆ. ಐದನೆಯ ತಿಂಗಳು ಒಬ್ಬ ಎಲ್‌ಐಸಿ ಅಧಿಕಾರಿ ಎಲ್ಲವನ್ನೂ ಕೇಳಿಕೊಂಡು, ಬೆರಳು ಮಡಿಸಿ ಕೂಡಿಸಿ, "ಮ್ಯಾಡಮ್, ಹೀಗಾದರೆ ನಾನು ದಿನಕ್ಕೆ ಇಪ್ಪತ್ತಾರು ಕಪ್ ಚಹಾ ಬಿಡಬೇಕು. ನಾನು ಕುಡಿಯುವುದೇ ಎರಡು," ಎಂದರು. ಬರೀ ಬಿಳಿ ಕಾರು ತೆಗೆದುಕೊಂಡು ಹೋದರು.

ಪಟ್ಟಿಯಲ್ಲಿ ಎಂಜಿನ್ ಸದ್ದಿನ ಸ್ಪೀಕರ್ ಎಂಬುದೊಂದಿತ್ತು. ಗಾಡಿ ಓಡುವಾಗ ಎಂಜಿನ್ನಿನ ಗುಡುಗನ್ನು ಇನ್ನಷ್ಟು ದಪ್ಪ ಮಾಡಿ ಒಳಗೆ ಕೇಳಿಸುವ ಯಂತ್ರ. ಸೀತಾಬರ್ಡಿಯ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಮಗನ ಜೊತೆ ಬಂದಿದ್ದರು. ಮಗ ಅದಕ್ಕೆ ಆಸೆ ಪಟ್ಟ. ನಾನು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದ ಮಾತುಗಳನ್ನೆಲ್ಲ ಒಪ್ಪಿಸಿದೆ. ತಂದೆ ಶಾಂತವಾಗಿ ಕೇಳಿ, "ತಾಯಿ, ನಮ್ಮ ಅಂಗಡಿಯಲ್ಲಿ ರೇಷ್ಮೆ ಸೀರೆಯ ಸರಸರ ಸದ್ದಿಗೆ ಬೇರೆ ಬಿಲ್ ಹಾಕುವುದಿಲ್ಲ," ಎಂದರು. ಆ ದಿನದ ಪುಟದಲ್ಲಿ ಅವರ ಮಾತನ್ನು ಹಾಗೆಯೇ ಇಳಿಸಿಕೊಂಡಿದ್ದೇನೆ.

ಇನ್ನೊಂದು ದಸರೆಯ ದಿನದ್ದು. ವೈದ್ಯರೊಬ್ಬರು ಪಟ್ಟಿಯಲ್ಲಿ ಅತಿ ದುಬಾರಿಯಾದ ಸಾಲನ್ನು ಆರಿಸಿದ್ದರು. ಎದುರಿಗೆ ಏನಾದರೂ ಅಡ್ಡ ಬಂದರೆ ಕಾರು ತಾನೇ ಬ್ರೇಕ್ ಹಾಕಿಕೊಳ್ಳುವ ಏರ್ಪಾಡು. ಅದರ ಕಣ್ಣು ಇರುವುದು ಮುಂಭಾಗದ ಲಾಂಛನದ ಹಿಂದೆ. ಪೂಜೆಗೆ ಬಂದ ಭಟ್ಟರು ಆ ಲಾಂಛನದ ಮೇಲೆಯೇ ಅರಿಸಿನ ಕುಂಕುಮ ಕಲಸಿ ದಪ್ಪನೆಯ ಸ್ವಸ್ತಿಕ ಬರೆದು, ಮೇಲೆ ಚೆಂಡುಹೂವಿನ ಹಾರ ಬಿಟ್ಟರು. ಗೇಟು ದಾಟುವ ಮೊದಲೇ ಕಾರು, ತನಗೆ ಮುಂದೆ ಏನೂ ಕಾಣಿಸುತ್ತಿಲ್ಲ ಎಂದು ಪರದೆಯ ಮೇಲೆ ಬರೆಯಿತು. ಒರೆಸಲು ಬಟ್ಟೆ ಹಿಡಿದು ಓಡಿದೆ. ವೈದ್ಯರ ತಾಯಿ ಅಡ್ಡ ನಿಂತರು. ಹಬ್ಬದ ದಿನ ಸ್ವಸ್ತಿಕ ಒರೆಸುವುದೇ? ಅಷ್ಟು ಹಣ ಕೊಟ್ಟು ಕೊಂಡ ಕಣ್ಣನ್ನು ಮುಚ್ಚಿಕೊಂಡೇ ಕಾರು ಮನೆಗೆ ಹೋಯಿತು. ಅಲ್ಲಿಂದ ಮುಂದೆ ಪ್ರತಿ ಪೂಜೆಯಲ್ಲೂ ನಾನು ಭಟ್ಟರಿಗಿಂತ ಮೊದಲು ಹೋಗಿ, ಬಾನೆಟ್ಟಿನ ನಡುವೆ ಬೆರಳಿಟ್ಟು "ಇಲ್ಲಿ" ಎಂದು ಜಾಗ ತೋರಿಸುತ್ತಿದ್ದೆ.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಇನ್ನೊಂದನ್ನು ನಾನೇ ಮಾಡಿದೆ. ಅದನ್ನು ಮರೆಯಲಾಗಿಲ್ಲ.

ಗಂಗಕ್ಕ ಹಾವೇರಿ ಕಡೆಯವರು. ಕಳಮನಾ ಮಾರುಕಟ್ಟೆಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ಐವತ್ತರ ಹತ್ತಿರದ ಹೆಂಗಸು. ಗಂಡ ತೀರಿದ ಮೇಲೆ ಅಂಗಡಿಯ ಗಾದಿಯ ಮೇಲೆ ತಾವೇ ಕೂತವರು. ಡ್ರೈವಿಂಗ್ ಕಲಿತು ಆರು ತಿಂಗಳಾಗಿತ್ತು. ಆಗಸ್ಟಿನ ಒಂದು ಸೋಮವಾರ ಒಬ್ಬರೇ ಷೋರೂಮಿಗೆ ಬಂದು, ನಾನು ಕನ್ನಡದವಳೆಂದು ತಿಳಿದ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಂಡರು.

"ತಂಗಿ, ಎಲ್ಲಾಕ್ಕಿಂತ ಜೋರ ಓಡೋ ಸಣ್ಣ ಗಾಡಿ ಯಾವ್ದೈತಿ ತೋರಸು."

"ಜೋರಂದ್ರ ಎಷ್ಟರಿ ಅಕ್ಕಾ?"

"ಮೂವತ್ತ ವರ್ಷ ಲಾರಿ ಹಿಂದ ಕುಂತು ಧೂಳ ತಿಂದೀನಿ. ಅಷ್ಟು ಜೋರ."

ಇಂಥ ಗಿರಾಕಿಯನ್ನು ನಾನು ನೋಡಿರಲಿಲ್ಲ. ಬಣ್ಣ ಕೇಳಲಿಲ್ಲ. ಬೆಲೆಯನ್ನು ಕಡೆಗೆ ಕೇಳಿದರು. ಸೀಟು ಒತ್ತಿ ನೋಡಿದರು, ಗಾಲಿಯ ಹಿಂದೆ ಬಗ್ಗಿ ಬ್ರೇಕ್ ನೋಡಿದರು, ಡಿಕ್ಕಿ ತೆಗೆಸಿ ಸ್ಟೆಪ್ನಿ ಗಾಲಿ ಎಲ್ಲಿ ಎಂದರು. ಪೂರ್ತಿ ಅಳತೆಯ ಸ್ಟೆಪ್ನಿಗೆ ಬೇರೆ ಹಣ ಎಂದು ನಾನು ಹೇಳಿದಾಗ, "ಅಂದ್ರ ಮೂರು ಕಾಲಿನ ಮಂಚ ಮಾರಿ ನಾಕನೇ ಕಾಲಿಗೆ ಬ್ಯಾರೆ ರೊಕ್ಕ ತಗೋತೀರಿ," ಎಂದು ನಕ್ಕರು. ಜನವರಿಯಲ್ಲಿ ಹೊಸ ಮೆಣಸಿನಕಾಯಿ ಬರುವ ಹೊತ್ತಿಗೆ ಗಾಡಿ ಬೇಕು, ಸುತ್ತಾಟವೆಲ್ಲ ಅದರಲ್ಲೇ ಎಂದರು. ಹತ್ತೊಂಬತ್ತು ಸಾಲಿನ ಪಟ್ಟಿಯನ್ನು ಅವರ ಕೈಗಿಟ್ಟು, "ಮನ್ಯಾಗ ನೋಡಿ ಗುರುತು ಮಾಡಿ ಕಳಸ್ರಿ," ಎಂದೆ. ಆಗಿನ್ನೂ ಎಲ್ಲ ಕಾಗದದ ಮೇಲೆಯೇ ನಡೆಯುತ್ತಿತ್ತು.

ಮೂರನೆಯ ದಿನ ಪಟ್ಟಿ ಬಂತು. ಏಳು ಸಾಲುಗಳ ಮೇಲೆ ಕೆಂಪು ಪೆನ್ನಿನಿಂದ ಈ ತುದಿಯಿಂದ ಆ ತುದಿಗೆ ದೊಡ್ಡ ಕತ್ತರಿ ಗುರುತು. ಉಳಿದ ಹನ್ನೆರಡು ಸಾಲು ಸ್ವಚ್ಛ. ಶಾಲೆಯಲ್ಲಿ ಹನ್ನೆರಡು ವರ್ಷ ಕೆಂಪು ಕತ್ತರಿ ಗುರುತು ನೋಡಿ ಬೆಳೆದವಳು ನಾನು. ಏಳು ಬೇಡ, ಹನ್ನೆರಡು ಬೇಕು ಎಂದು ಓದಿಕೊಂಡೆ. ದೊಡ್ಡ ಬ್ರೇಕ್ ಬೇಡವಂತೆ, ಸ್ಟೆಪ್ನಿ ಬೇಡವಂತೆ, ಪ್ರಖರ ದೀಪ ಬೇಡವಂತೆ. ಬಣ್ಣದ ದೀಪ ಬೇಕಂತೆ, ಕಾಯಿಸುವ ಸೀಟು ಬೇಕಂತೆ, ಕಾರಿನೊಳಗೆ ಪರಿಮಳ ಬಿಡುವ ಡಬ್ಬಿಯೂ ಬೇಕಂತೆ. ದಿನವಿಡೀ ಮೆಣಸಿನಕಾಯಿಯ ಘಾಟಿನಲ್ಲಿ ಕೂರುವವರು, ಪಾಪ, ಪರಿಮಳ ಬೇಕೆನಿಸಿದೆ ಎಂದು ನನಗೆ ನಾನೇ ಕಾರಣವನ್ನೂ ಹುಡುಕಿಕೊಟ್ಟೆ. ಮನುಷ್ಯರು ಷೋರೂಮಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂದು ದಿನಚರಿಯಲ್ಲಿ ಜಾಣತನದ ಮಾತು ಬರೆದೆ.

ಒಟ್ಟು ಮೊತ್ತವನ್ನು ಫೋನಿನಲ್ಲಿ ಹೇಳಿದೆ. ಏಳು ದುಬಾರಿ ಸಾಲುಗಳು, ಹನ್ನೆರಡು ಅಗ್ಗದ ಸಾಲುಗಳು, ಎರಡರ ಮೊತ್ತವೂ ಹತ್ತಿರ ಹತ್ತಿರ. ಹನ್ನೊಂದು ಸಾವಿರದ ವ್ಯತ್ಯಾಸವನ್ನು ಅವರು ತೆರಿಗೆ ಎಂದುಕೊಂಡರಂತೆ. ಅಂತಿಮ ಆರ್ಡರಿನಲ್ಲಿ ಸಲಕರಣೆಗಳ ಹೆಸರಿರುವುದಿಲ್ಲ, ಮೂರಕ್ಷರದ ಸಂಕೇತಗಳಿರುತ್ತವೆ. ಹನ್ನೆರಡು ಪುಟಗಳಿಗೆ ಅವರು ಹನ್ನೆರಡು ಸಹಿ ಹಾಕಿದರು. ಇಷ್ಟೊಂದು ಶೋಕಿಯ ಸಾಲುಗಳನ್ನು ಒಂದೇ ಕಾರಿಗೆ ಮಾರಿದೆನೆಂದು ಪಾಠಕ್ ಸಾಹೇಬರು ಪೇಢೆ ತರಿಸಿದರು. ಹತ್ತು ದಿನದೊಳಗೆ ಬದಲಾವಣೆ ಮಾಡಬಹುದು, ಆಮೇಲೆ ಕಾರ್ಖಾನೆ ಮುಟ್ಟಗೊಡುವುದಿಲ್ಲ.

ಸಹಿಯಾದ ಹದಿನಾಲ್ಕನೆಯ ದಿನ, ಗುರುವಾರ, ಬ್ಯಾಂಕಿನ ಒಂದು ಕಾಗದಕ್ಕಾಗಿ ಕಳಮನಾಕ್ಕೆ ಹೋದೆ. ಹರಾಜು ಮುಗಿದಿತ್ತು. ಸೀನುತ್ತ, ಕಣ್ಣೊರೆಸುತ್ತ ಮೂಟೆಗಳ ಸಾಲಿನ ನಡುವೆ ನಡೆದೆ. ಕೆಲವು ಮೂಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಈ ತುದಿಯಿಂದ ಆ ತುದಿಗೆ ದೊಡ್ಡ ಕತ್ತರಿ ಗುರುತು. ಹಮಾಲರು ಅವನ್ನೇ ಎತ್ತಿ ಲಾರಿಗೆ ಹೇರುತ್ತಿದ್ದರು.

"ಇವು ಕೆಟ್ಟ ಮಾಲೇನರಿ?" ಎಂದು ಗಂಗಕ್ಕನ ಲೆಕ್ಕ ನೋಡುವ ಮುನೀಮರನ್ನು ಕೇಳಿದೆ.

"ಛೇ ಛೇ! ಗಂಗಕ್ಕ ಹಿಡದ ಮಾಲು. ಕತ್ರಿ ಗುರ್ತು ಬಿತ್ತಂದ್ರ ನಮ್ದು. ಗುರ್ತು ಇಲ್ದಿದ್ದು ನಮಗ ಬ್ಯಾಡಾದದ್ದು."

ಕಣ್ಣೀರಿಗೆ ಒಳ್ಳೆಯ ನೆಪ ಕೊಡುವ ಜಾಗ ಕಳಮನಾ. ಯಾರೂ ಏನೂ ಕೇಳಲಿಲ್ಲ. ಗಂಗಕ್ಕ ಒಳಗಿನಿಂದ "ಚಾ ಕುಡದು ಹೋಗವಾ" ಎಂದು ಕರೆದರು. ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಟು ಬಂದೆ.

ಪಾಠಕ್ ಸಾಹೇಬರು ಕೆಟ್ಟವರಲ್ಲ. ಆದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು. ನಾನು ಹೇಳಿದ್ದನ್ನು ಕೇಳಿ ಕಡತ ತರಿಸಿ, ಪುಟಗಳನ್ನು ಒಂದೊಂದಾಗಿ ತಿರುವಿದರು. ನಮ್ಮ ಮಾತೆಲ್ಲ ಮರಾಠಿಯಲ್ಲಿ.

"ಹನ್ನೆರಡು ಸಹಿ ಇದೆ. ನೀನು ಯಾಕೆ ಅಳುತ್ತೀ?"

"ಅವರು ಬೇಡ ಎಂದದ್ದನ್ನು ನಾನು ಬರೆದಿದ್ದೇನೆ ಸರ್."

"ನೀನು ಬರೆದೆ, ಅವರು ಸಹಿ ಹಾಕಿದರು. ಕಂಪನಿ ಆ ಏಳು ಸಲಕರಣೆ ನಿಲ್ಲಿಸಿದೆ ಎಂದು ಹೇಳು. ಇಲ್ಲದಿದ್ದರೆ ಆ ಕಾರು ನಮ್ಮ ತಲೆಯ ಮೇಲೆ ಬರುತ್ತದೆ. ನಿನ್ನ ತಲೆಯ ಮೇಲೆ ಮೊದಲು."

ಸತ್ಯ ಹೇಳಿದರೆ ನನ್ನ ಕೆಲಸ ಹೋಗಬಹುದು. ಹೇಳದಿದ್ದರೆ ಗಂಗಕ್ಕ ತಮಗೆ ಬೇಡವಾದ ಕಾರನ್ನು ತೆಗೆದುಕೊಳ್ಳಬೇಕು, ಇಲ್ಲವೇ ಕಟ್ಟಿದ ಎರಡು ಲಕ್ಷದ ಮುಂಗಡ ಬಿಡಬೇಕು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಆ ದಿನ ನನ್ನನ್ನು ಚೇಷ್ಟೆ ಮಾಡಲಿಲ್ಲ. "ಆ ಏಳು ನಿಲ್ಲಿಸ್ಯಾರ ಅಂತ ನಿನಗ ಹೇಳ್ಲಿಕ್ಕೆ ಬರ್ತದೇನು?" ಎಂದು ಕೇಳಿದರು. ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದೆ. ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮತ್ತೆ ಕಳಮನಾಕ್ಕೆ ಹೋದೆ. ಗಾದಿಯ ಎದುರು ನಿಂತೇ ಎಲ್ಲ ಹೇಳಿ ಮುಗಿಸಿದೆ. ಗಂಗಕ್ಕ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮುರಿಯುತ್ತ ಕೇಳಿದರು.

"ಬ್ರೇಕ್ ಇಲ್ಲನು?"

"ಬ್ರೇಕ್ ಅದರಿ. ದೊಡ್ಡ ಬ್ರೇಕ್ ಇಲ್ಲ."

"ಮತ್ತ ಏನೈತಿ?"

"ಕಾಯಿಸೋ ಸೀಟು ಅದ. ಬಾಗಿಲ ತೆಗದ್ರ ನೆಲದ ಮ್ಯಾಲೆ ಗಾಡಿ ಹೆಸರು ಬೆಳಕಿನ್ಯಾಗ ಬೀಳ್ತದ. ವಾಸನಿ ಡಬ್ಬಿ ಅದ."

"ನಾಗಪುರದಾಗ ಸೀಟ ಕಾಸೋದು! ಮೇ ತಿಂಗಳದಾಗ ಹಂಗೆ ಕುಂತ್ರೂ ರೊಟ್ಟಿ ಬೇಯತೈತಿ." ನಗು ಬಂದಂತೆ ಬಂದು ಹೋಯಿತು. ಆಮೇಲೆ ಮುಖ ಗಟ್ಟಿಯಾಯಿತು. "ಸೀಸನ್ ಹೊತ್ತಿಗೆ ಗಾಡಿ ಕೊಡ್ತೀನಿ ಅಂದಿದ್ದೆ. ನಾನು ಡ್ರೈವರ್‌ಗ ಬ್ಯಾರೆ ಕಡೆ ಕೆಲಸ ನೋಡ್ಕೋ ಅಂದು ಕಳಿಸೀನಿ. ತಪ್ಪ ನಿಂದು ತಂಗಿ."

"ಹೌದರಿ."

"ಅರ್ಧ ನಿಂದು. ನನ್ನ ಅಂಗಡಿ ಗುರ್ತು ನಿನಗ ಹ್ಯಾಂಗ ಗೊತ್ತಿರಬೇಕು?" ಎದ್ದು ಕೈ ಝಾಡಿಸಿ, ಗೂಟದ ಮೇಲಿನ ಟವೆಲ್ ಹೆಗಲಿಗೆ ಹಾಕಿಕೊಂಡರು. "ನಡಿ, ನಿಮ್ಮ ಸಾಹೇಬರ ಕಡೆ."

ಷೋರೂಮಿನಲ್ಲಿ ಪಾಠಕ್ ಸಾಹೇಬರು ನನ್ನ ಕಡೆ ಒಮ್ಮೆ ನೋಡಿದರು. ಅಷ್ಟರಲ್ಲೇ ಅವರಿಗೆ ಎಲ್ಲ ಅರ್ಥವಾಯಿತು. ಗಂಗಕ್ಕನಿಗೆ ಕುರ್ಚಿ ಕೊಟ್ಟು, ಹನ್ನೆರಡು ಪುಟಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು.

"ತಾಯಿ, ಸಹಿ ತಮ್ಮದೇ ಅಲ್ಲವೇ?"

"ಬರೋಬರ್, ನಂದೇ," ಎಂದರು ಗಂಗಕ್ಕ. ಅವರ ಮರಾಠಿ ಮಾರುಕಟ್ಟೆಯ ಮರಾಠಿ, ಸಾಹೇಬರದಕ್ಕಿಂತ ಜೋರು. "ನಾನು ಜಗಳಕ್ಕೆ ಬಂದಿಲ್ಲ ಸಾಹೇಬ. ನಮ್ಮ ಮಾರುಕಟ್ಟೆಯ ಹಳೆಯ ಪದ್ಧತಿಯಲ್ಲಿ ಮುಗಿಸೋಣ. ಕೈ ಕೊಡಿ."

ಸಾಹೇಬರು ಖುಷಿಯಾದರು. ಗಿರಾಕಿ ಕೈ ಕುಲುಕಲು ಬಂದರೆ ಗದ್ದಲ ಮುಗಿಯಿತೆಂದು ತಿಳಿಯುವುದು ಅವರು ನಮಗೆ ಕಲಿಸಿದ ಇನ್ನೊಂದು ವಿದ್ಯೆ. ಕೈ ಚಾಚಿದರು. ಗಂಗಕ್ಕ ಕೈ ಹಿಡಿದು ಮೇಲೆ ಟವೆಲ್ ಹೊದಿಸಿದರು. ಕಳಮನಾದ ಹಿರಿಯರಿಗೆ ಇದು ಗೊತ್ತು. ಹಿಂದೆ ಮಾಲಿನ ದರವನ್ನು ಬಾಯಿಂದ ಕೂಗುತ್ತಿರಲಿಲ್ಲ. ಬಟ್ಟೆಯ ಕೆಳಗೆ ಬೆರಳು ಒತ್ತಿ ಹೇಳುತ್ತಿದ್ದರು, ಮೂರನೆಯವರಿಗೆ ತಿಳಿಯದ ಹಾಗೆ. ಈಗ ನಿಂತುಹೋಗಿದೆ. ಸಾಹೇಬರಿಗೆ ಇದೇನೂ ಗೊತ್ತಿರಲಿಲ್ಲ. ನಗುತ್ತ ಕೂತಿದ್ದರು. ಟವೆಲ್ ಸ್ವಲ್ಪ ಅಲುಗಾಡಿತು.

"ಮಂಜೂರಾ?" ಎಂದರು ಗಂಗಕ್ಕ.

"ಮಂಜೂರ್, ಮಂಜೂರ್!" ಎಂದರು ಸಾಹೇಬರು.

ಗಂಗಕ್ಕ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಕ್ಯಾಷಿಯರ್, ನಾನು, ಕಾರು ನೋಡಲು ಬಂದಿದ್ದ ಗಂಡ ಹೆಂಡತಿ, ನಾಲ್ವರ ಕಡೆಗೂ ಒಮ್ಮೆ ತಿರುಗಿದರು. "ಎಲ್ಲರೂ ಕೇಳಿದಿರಿ. ಆ ಗಾಡಿಯನ್ನು ಷೋರೂಮ್ ಇಟ್ಟುಕೊಳ್ಳುತ್ತದೆ. ನನ್ನ ಏಳು ಸಾಲಿನ ಗಾಡಿ ಹೊಸದಾಗಿ ಬರೆಯುತ್ತಾರೆ, ಮುಂಗಡ ಅದಕ್ಕೇ ಜಮಾ. ಈ ಹುಡುಗಿಯ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಸಾಹೇಬರು ಒಪ್ಪಿದ್ದಾರೆ."

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅಹೋ, ಪಣ್ ಮಲಾ ತೇ ಕಳಲಂಚ್ ನಾಹೀ!" ಅಯ್ಯೋ, ನನಗೆ ಅದು ತಿಳಿಯಲೇ ಇಲ್ಲವಲ್ಲ ಎಂದರು.

ಗಂಗಕ್ಕ ಮೇಜಿನ ಮೇಲಿನ ಹನ್ನೆರಡು ಪುಟಗಳನ್ನು ಒಟ್ಟು ಮಾಡಿ, ಅಂಚು ಸರಿ ಮಾಡಿ, ಅವರ ಮುಂದೆ ಸರಿಸಿದರು. "ನನಗೂ ಇದು ತಿಳಿಯಲಿಲ್ಲ ಸಾಹೇಬ. ನೀವು ಒಂದು ಸಲ ಒಪ್ಪಿದಿರಿ, ನಾನು ಹನ್ನೆರಡು ಸಲ."

ಸಾಹೇಬರು ನಿಂತೇ ಇದ್ದರು. ಕ್ಯಾಷಿಯರ್ ತಲೆ ಬಗ್ಗಿಸಿ ನಗುವನ್ನು ಡ್ರಾಯರಿನೊಳಗೆ ಬಿಡುತ್ತಿದ್ದ. ಕಡೆಗೆ ಸಾಹೇಬರು ಕೂತರು, ಕನ್ನಡಕ ತೆಗೆದು ಒರೆಸಿದರು, ನನಗೆ "ಹೊಸ ಫಾರ್ಮ್ ತಾ" ಎಂದರು. ಮುಂಬಯಿಯ ಕಂಪನಿ ಕಚೇರಿಗೆ ಫೋನ್ ಮಾಡಿ, ಷೋರೂಮಿಗೆ ಒಂದು ಟೆಸ್ಟ್ ಡ್ರೈವ್ ಗಾಡಿ ಬೇಕಾಗಿದೆ, ಎಲ್ಲ ಶೋಕಿಯೂ ಇರುವಂಥದ್ದು ಎಂದು ಅಷ್ಟೇ ಗಂಭೀರವಾಗಿ ಹೇಳಿ ಆ ಕಾರನ್ನು ನಮ್ಮ ಹೆಸರಿಗೆ ಬರೆಸಿದರು. ಮೂರು ತಿಂಗಳ ನನ್ನ ಇನ್ಸೆಂಟಿವ್ ಹೋಯಿತು. ಅದನ್ನು ನಾನು ಅನ್ಯಾಯ ಎನ್ನುವುದಿಲ್ಲ. ಕೆಲಸ ಉಳಿಯಿತು.

ಹೊಸ ಫಾರ್ಮನ್ನು ನಾನು ಹಿಡಿದೆ, ಗಂಗಕ್ಕ ಎದುರು ಕೂತರು. ಹತ್ತೊಂಬತ್ತು ಸಾಲುಗಳನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಒಂದೊಂದಕ್ಕೂ ಅವರು "ಬೇಕು" ಅಥವಾ "ಬ್ಯಾಡ" ಎಂದರು. ಆ "ಬ್ಯಾಡ"ಗಳು ಹೊರಗಿನ ವಾಚ್‌ಮನ್ನಿಗೂ ಕೇಳಿಸಿರಬೇಕು. ಅಶ್ವಿನಿ, ನಿನಗೆ ನಾನು ಹೇಳಬೇಕಾದದ್ದು ಇದೊಂದೇ. ಆಮೇಲೆ ಷೋರೂಮಿಗೆ ಟ್ಯಾಬ್ಲೆಟ್ ಬಂತು, ಬೆರಳು ಇಟ್ಟರೆ ಸಾಲು ಹಸಿರಾಗುತ್ತಿತ್ತು. ಆದರೂ ನಾನು ಓದುವುದನ್ನು ಬಿಡಲಿಲ್ಲ. ಗಂಗಕ್ಕನ ನಂತರ ಒಂಬತ್ತು ಹಾಟ್ ಹ್ಯಾಚ್‌ಬ್ಯಾಕ್ ಬುಕ್ ಮಾಡಿಸಿದೆ. ಅವುಗಳಲ್ಲಿ ನಾಲ್ಕು ಸಲ, ಗಟ್ಟಿಯಾಗಿ ಓದಿದಾಗ ಗಿರಾಕಿ ನಡುವೆ ತಡೆದು, "ಅಯ್ಯೋ, ಅದಲ್ಲ," ಎಂದಿದ್ದಾರೆ. ಹಸಿರಾದ ಸಾಲಿನಲ್ಲೂ ತಪ್ಪಿರುತ್ತದೆ.

ಗಂಗಕ್ಕನ ಕಾರು ಜನವರಿಗೆ ಬರಲಿಲ್ಲ, ಫೆಬ್ರವರಿ ಒಂಬತ್ತಕ್ಕೆ ಬಂತು. ಒಂದು ತಿಂಗಳು ಬಾಡಿಗೆಯ ಗಾಡಿಯಲ್ಲಿ ಓಡಾಡಿದ್ದಕ್ಕೆ ನನ್ನನ್ನು ಚೆನ್ನಾಗಿ ಬೈದರು. ಪೂಜೆಯಾದ ಮೇಲೆ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ರಿಂಗ್ ರೋಡಿಗೆ ಕರೆದೊಯ್ದರು. ಎರಡು ಕೈಯಿಂದ ಸ್ಟಿಯರಿಂಗ್ ಹಿಡಿದು, ಮುಂದೆ ಬಗ್ಗಿ ಕೂತು, ಮೂರನೆಯ ಗಿಯರಿಗೆ ಹಾಕಿದರು. ಇಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಅಕ್ಕಾ, ಆ ದಿನ ಟವೆಲ್ ಕೆಳಗ ಯಾವ ಬೆರಳು ಒತ್ತಿದ್ರಿ? ಅಷ್ಟೆಲ್ಲ ಮಾತು ಬೆರಳಿನ್ಯಾಗ ಹ್ಯಾಂಗ ಹೇಳಿದ್ರಿ?"

"ಎಲ್ಲೀ ಬೆರಳವಾ," ಎಂದರು ಗಂಗಕ್ಕ ರಸ್ತೆಯಿಂದ ಕಣ್ಣು ತೆಗೆಯದೆ. "ನಾನು ಏನೂ ಒತ್ತಲಿಲ್ಲ. ಸುಮ್ನ ಕೈ ಹಿಡಕೊಂಡಿದ್ದೆ. ಟವೆಲ್ ಅಲಗಿದ್ದು ನಿಮ್ಮ ಸಾಹೇಬರ ಕೈಯಿಂದ, ಗಡಗಡ ನಡಗಾಕತ್ತಿತ್ತು. ಯಾರ ಕಡೆ ತಪ್ಪೈತಿ ಅಂತ ಅವರಿಗೂ ಗೊತ್ತೈತಿ ಅಂತ ನನಗ ಆಗಲೇ ತಿಳೀತು."